ರಾಟ್‌ವೀಲರ್, ಪಿಟ್‌ಬುಲ್ ಸಾಕುವ ಮೊದಲು, ಸಾಕಿದ ಮೇಲೆ

ನಾಯಿಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ದೊಡ್ಡ ತಳಿಯ ನಾಯಿ ಸಾಕಿದವರು. ನನ್ನ ಮನೆಯಲ್ಲೂ ಒಂದು ರಾಟ್‌ವೀಲರ್ ಇದೆ. ಹೆಸರು ಗುಂಡ, ತೂಕ 48 ಕಿಲೋ. ಹಾಗಾಗಿ ಇಂಥ ನಾಯಿಯನ್ನು ಯಾರೂ ಸಾಕಲೇಬಾರದು ಅಂತ ನಾನು ಹೇಳಲಾರೆ. ಹಾಗಂತ ‘ತಳಿಯಲ್ಲಿ ಏನೂ ಇಲ್ಲ, ಎಲ್ಲ ನಾವು ಬೆಳೆಸೋದರಲ್ಲಿದೆ’ ಅನ್ನುವ ಮಾತನ್ನೂ ಒಪ್ಪುವುದಿಲ್ಲ. ಈ ಎರಡು ಗುಂಪಿನ ಜಗಳದಲ್ಲಿ, ನಾಳೆ ಮರಿ ತರಲು ಹೊರಟವರಿಗೆ ಬೇಕಾದ ಮಾತು ಸಿಗುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾಯಿ ಕಚ್ಚುತ್ತದಾ ಅನ್ನುವುದು ಒಂದು ಪ್ರಶ್ನೆ. ಕಚ್ಚಿದರೆ ಏನಾಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ತಳಿಯ ಹೆಸರು ಸರಿಯಾದ ಉತ್ತರ ಕೊಡುವುದಿಲ್ಲ. ಎರಡನೆಯದಕ್ಕೆ ನಾಯಿಯ ಮೈಕಟ್ಟು ತುಂಬಾ ಸ್ಪಷ್ಟವಾದ ಉತ್ತರ ಕೊಡುತ್ತದೆ. ಗೇಟು ಹಾಕಲು ಮರೆತ ದಿನ, ಲೀಶ್ ಕೈಜಾರಿದ ದಿನ, ಮನೆ ತುಂಬ ನೆಂಟರಿರುವ ದಿನ, ಅಂಥ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಮಾನ ಮಾಡಿ.

ತಳಿಯ ಹೆಸರು ಎಷ್ಟು ಹೇಳುತ್ತದೆ?

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ಬಗ್ಗೆ ಮಾಲೀಕರನ್ನು ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿದ್ದರು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9 ಶೇಕಡಾ ಮಾತ್ರ ಅಂತ ಕಂಡುಬಂತು. ಹೇಳಿದ ಮಾತು ಕೇಳುವ ಗುಣದಂಥ ಕೆಲವಕ್ಕೆ ತಳಿಯಿಂದ ಒಂದಿಷ್ಟು ಸುಳಿವು ಸಿಗುತ್ತದೆ. ಬೇಗ ಕೆರಳುವ ಗುಣಕ್ಕೆ ಹೆಚ್ಚುಕಡಿಮೆ ಏನೂ ಸಿಗುವುದಿಲ್ಲ.

ಇದನ್ನು ಓದಿ ನೆಮ್ಮದಿಯಾಗುವ ಮೊದಲು ಇನ್ನೊಂದು ಲೆಕ್ಕವನ್ನೂ ನೋಡಿ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ದಾಳಿಯಿಂದಾದ 238 ಸಾವುಗಳನ್ನು ತಳಿಯ ಪ್ರಕಾರ ವಿಂಗಡಿಸಿದ್ದರು. ಕನಿಷ್ಠ 25 ತಳಿಗಳ ಹೆಸರು ಬಂದವು. ಆದರೆ ಅರ್ಧಕ್ಕಿಂತ ಜಾಸ್ತಿ ಸಾವುಗಳಲ್ಲಿ ಇದ್ದದ್ದು ಪಿಟ್‌ಬುಲ್ ಮಾದರಿಯ ನಾಯಿಗಳು ಮತ್ತು ರಾಟ್‌ವೀಲರ್. ನೋಡಿದವರು ಹೇಳಿದ ತಳಿಯ ಹೆಸರು ಎಷ್ಟೋ ಸಲ ತಪ್ಪಿರುತ್ತದೆ, ಊರಲ್ಲಿ ಆ ತಳಿಯ ನಾಯಿಗಳು ಒಟ್ಟು ಎಷ್ಟಿವೆ ಅನ್ನುವ ಲೆಕ್ಕವೂ ಇರುವುದಿಲ್ಲ. ಇದೆಲ್ಲ ನಿಜ. ಆದರೂ ಆ ಅಂಕಿಯನ್ನು ಪೂರ್ತಿ ತಳ್ಳಿಹಾಕುವುದು ಪ್ರಾಮಾಣಿಕತೆ ಅಲ್ಲ. ಪುಟ್ಟ ನಾಯಿಗೆ ಸಿಟ್ಟು ಬಂದರೆ ಬೆರಳಿಗೆ ಗಾಯವಾಗುತ್ತದೆ. ಅಷ್ಟೇ ಸಿಟ್ಟು ಗುಂಡನಿಗೆ ಬಂದರೆ ಎಲುಬು ಮುರಿಯುತ್ತದೆ.

ನೀವು ಇಷ್ಟಪಟ್ಟ ತಳಿಯನ್ನು ಮನುಷ್ಯ ಯಾವ ಕೆಲಸಕ್ಕೆ ಬೆಳೆಸಿದ ಅಂತಲೂ ಕೇಳಿಕೊಳ್ಳಿ. ಪಿಟ್‌ಬುಲ್‌ನ ಹಿರೀಕರನ್ನು ಕಟ್ಟಿಹಾಕಿದ ಗೂಳಿಯ ಮೇಲೆ ಬಿಡಲು ಬೆಳೆಸಿದ್ದರು. ಇಂಗ್ಲೆಂಡಿನಲ್ಲಿ ಆ ಆಟ 1835ರಲ್ಲಿ ನಿಷೇಧವಾಯಿತು, ಆಮೇಲೆ ನಾಯಿಗಳ ನಡುವೆಯೇ ಕಾಳಗ ಕಟ್ಟಿದರು. ಅವುಗಳ ದವಡೆಗೆ ಬೀಗ ಬೀಳುತ್ತದೆ ಅನ್ನುವುದು ಸುಳ್ಳು, ಅಂಥ ಅಂಗವೇನೂ ಇಲ್ಲ. ಆದರೆ ಹಿಡಿದದ್ದನ್ನು ಬಿಡದ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಂತೂ ನಿಜ. ಡೋಗೋ ಅರ್ಜೆಂಟೀನೋ ತಳಿಯನ್ನು 1920ರ ದಶಕದಲ್ಲಿ ಅರ್ಜೆಂಟೀನಾದ ಕಾರ್ಡೊಬಾದಲ್ಲಿ ಕಾಡುಹಂದಿ ಬೇಟೆಗೆ ಅಂತಲೇ ರೂಪಿಸಿದರು. ಕಕೇಶಿಯನ್ ಶೆಫರ್ಡ್ ತೋಳಗಳಿಂದ ಕುರಿಮಂದೆ ಕಾಯುವ ನಾಯಿ. ಯಜಮಾನನ ಅಪ್ಪಣೆಗೆ ಕಾಯದೆ ತಾನೇ ತೀರ್ಮಾನ ಮಾಡುವುದು ಅದರ ಕೆಲಸವಾಗಿತ್ತು. ರಾಟ್‌ವೀಲರ್ ದನ ಅಟ್ಟುವ ನಾಯಿ. ಗುಂಡ ಇವತ್ತಿಗೂ ದಾರಿಗೆ ಅಡ್ಡ ನಿಂತವರನ್ನು ಭುಜದಿಂದ ಒತ್ತಿ ಪಕ್ಕಕ್ಕೆ ಸರಿಸುತ್ತಾನೆ. ಅದರಲ್ಲಿ ಸಿಟ್ಟಿಲ್ಲ. ಆದರೆ ವಯಸ್ಸಾದವರು ಬೀಳಲು ಅಷ್ಟು ಸಾಕು. ಆದ್ದರಿಂದ ಪಕ್ಕಕ್ಕೆ ಬಂದು ಕೂರುವುದನ್ನು ಅವನಿಗೆ ಮರಿಯಿದ್ದಾಗಲೇ ಕಲಿಸಿದೆ.

ಕಾನೂನು ಮೊದಲೇ ನೋಡಿ

ಬ್ರಿಟನ್ 1991ರ ಕಾಯ್ದೆಯಲ್ಲಿ ಪಿಟ್‌ಬುಲ್ ಟೆರಿಯರ್, ಜಪಾನೀ ತೋಸಾ, ಡೋಗೋ ಅರ್ಜೆಂಟೀನೋ, ಫಿಲಾ ಬ್ರಸಿಲೇರೋ ಈ ನಾಲ್ಕು ತಳಿಗಳನ್ನು ನಿಷೇಧಿಸಿತು. ಎಕ್ಸ್‌ಎಲ್ ಬುಲ್ಲಿ ಅನ್ನುವ ದೊಡ್ಡ ತಳಿಯೂ ಆ ಪಟ್ಟಿಗೆ ಸೇರಿ, 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ವಿನಾಯಿತಿ ಪತ್ರ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧವಾಯಿತು. ನೆದರ್‌ಲೆಂಡ್ಸ್ ಇದಕ್ಕೆ ತದ್ವಿರುದ್ಧ. 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಚ್ಚುವ ಪ್ರಕರಣ ಕಡಿಮೆ ಆಗಲಿಲ್ಲ ಅಂತ ಸುಮಾರು 15 ವರ್ಷದ ಮೇಲೆ ಕೈಬಿಟ್ಟಿತು. ಇಟಲಿಯೂ 2009ರಲ್ಲಿ ತಳಿಗಳ ಪಟ್ಟಿ ತೆಗೆದು ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ಅಮೆರಿಕದ ಡೆನ್ವರ್ ನಗರದಲ್ಲಿ 1989ರಿಂದ ಇದ್ದ ನಿಷೇಧವನ್ನು 2020ರಲ್ಲಿ ಜನರೇ ಮತ ಹಾಕಿ ತೆಗೆದು ಪರವಾನಗಿ ಪದ್ಧತಿ ತಂದರು. ಭಾರತದಲ್ಲಿ 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ 23 ತಳಿಗಳನ್ನು ತಡೆಯುವ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಾಯಿ ಹತ್ತು ವರ್ಷ ಬದುಕುತ್ತದೆ, ಕಾನೂನು ಅಷ್ಟು ದಿನ ಒಂದೇ ಥರ ಇರುವುದಿಲ್ಲ. ನಾಳೆ ನಿಯಮ ಬದಲಾದಾಗ ಓಡಾಡುವ ಬದಲು ಮೊದಲ ದಿನದಿಂದಲೇ ಕಾಗದಪತ್ರ ಸರಿ ಇಟ್ಟುಕೊಳ್ಳಿ. ನಾಯಿಯ ಗುರುತಿಗೆ ಚರ್ಮದಡಿ ಹಾಕುವ ಮೈಕ್ರೋಚಿಪ್, ರೇಬಿಸ್ ಲಸಿಕೆಯ ದಾಖಲೆ, ಸಂತಾನಹರಣ ಚಿಕಿತ್ಸೆಯ ಪತ್ರ, ಬೇರೆಯವರಿಗೆ ಗಾಯವಾದರೆ ಪರಿಹಾರ ಕೊಡುವ ವಿಮೆ ಸಿಗುವುದಾದರೆ ಅದೂ ಇರಲಿ. ಬ್ರಿಟನ್‌ನಲ್ಲಿ ಎಕ್ಸ್‌ಎಲ್ ಬುಲ್ಲಿ ಇಟ್ಟುಕೊಳ್ಳಲು ಕೇಳಿದ್ದರಲ್ಲಿ ಲಸಿಕೆ ಬಿಟ್ಟು ಇವೆಲ್ಲ ಇದ್ದವು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ನಿಮ್ಮ ಮನೆಯನ್ನು ಪರೀಕ್ಷೆ ಮಾಡಿ

ನಾನು ಎಲ್ಲರಿಗೂ ಹೇಳುವ ಅಧ್ಯಯನ ಒಂದಿದೆ. ಅಮೆರಿಕದ ಪಶುವೈದ್ಯರ ಪತ್ರಿಕೆಯಲ್ಲಿ 2013ರಲ್ಲಿ ಬಂದದ್ದು. 2000ದಿಂದ 2009ರವರೆಗೆ ನಾಯಿ ಕಡಿತದಿಂದಾದ 256 ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರು. 87 ಶೇಕಡಾ ಪ್ರಕರಣಗಳಲ್ಲಿ ಮಧ್ಯೆ ಹೋಗಿ ಬಿಡಿಸಬಲ್ಲ ಯಾರೂ ಹತ್ತಿರ ಇರಲಿಲ್ಲ. 84 ಶೇಕಡಾ ಪ್ರಕರಣಗಳಲ್ಲಿ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿರಲಿಲ್ಲ. 77 ಶೇಕಡಾದಲ್ಲಿ ಸತ್ತವರು ನಾಯಿಯನ್ನು ಸಂಭಾಳಿಸಲು ಆಗದಂಥ ಚಿಕ್ಕ ವಯಸ್ಸಿನವರು ಅಥವಾ ಶಕ್ತಿ ಇಲ್ಲದವರು. 76 ಶೇಕಡಾದಲ್ಲಿ ನಾಯಿ ಮನೆಯವರ ಜೊತೆ ಬೆರೆತು ಬೆಳೆದದ್ದಲ್ಲ, ಎಲ್ಲೋ ಒಂದು ಕಡೆ ಕಟ್ಟಿಹಾಕಿಯೋ ಕೂಡಿಹಾಕಿಯೋ ಇಟ್ಟದ್ದು. ಐದರಲ್ಲಿ ನಾಲ್ಕು ಭಾಗದಷ್ಟು ಸಾವುಗಳಲ್ಲಿ ಇಂಥ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಕಾರಣಗಳು ಒಟ್ಟಿಗೇ ಇದ್ದವು. ತಳಿ ಯಾವುದು ಅಂತ ಖಚಿತವಾಗಿ ಹೇಳಲು ಆಗಿದ್ದು ಮಾತ್ರ ತೀರಾ ಕಡಿಮೆ ಪ್ರಕರಣಗಳಲ್ಲಿ.

ಈ ಕಾರಣಗಳಲ್ಲಿ ಹೆಚ್ಚಿನವು ಮನೆಯವರ ಕೈಯಲ್ಲಿರುವಂಥವು. ಅದಕ್ಕೇ ಮರಿಯ ಬಗ್ಗೆ ವಿಚಾರಿಸುವ ಮೊದಲು ನಿಮ್ಮ ಮನೆಯ ಬಗ್ಗೆ ಕೇಳಿಕೊಳ್ಳಿ. ಹಗಲು ಮನೆಯಲ್ಲಿ ಯಾರಿರುತ್ತಾರೆ? ನಾಯಿ ಎಲ್ಲಿ ಮಲಗುತ್ತದೆ? ನಿಮಗೆ ಜ್ವರ ಬಂದ ದಿನ ಅದನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು? ಆ ಮನುಷ್ಯನಿಗೆ ಹಿಡಿಯಲು ಆಗದ ನಾಯಿ ನಿಮ್ಮ ಮನೆಗೆ ದೊಡ್ಡದಾಯಿತು ಅಂತಲೇ ಲೆಕ್ಕ.

ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಲೀಶ್‌ನ ಒಂದು ತುದಿ ನೀವು ಹಿಡಿದುಕೊಳ್ಳಿ, ಇನ್ನೊಂದು ತುದಿ ಗಟ್ಟಿಮುಟ್ಟಾದ ಯಾರಿಗಾದರೂ ಕೊಡಿ. ಇಬ್ಬರೂ ನಡೆಯುತ್ತಾ ಮಾತಾಡುತ್ತಿರಿ. ಮಧ್ಯೆ ಒಮ್ಮೆ ಅವರು ಹೇಳದೆ ಕೇಳದೆ ಜಗ್ಗಲಿ. ನೆಲ ಹುಲ್ಲಿನದಾಗಿರಲಿ, ಬಿದ್ದರೆ ಪೆಟ್ಟಾಗಬಾರದು. ನಾಯಿ ಜಗ್ಗುವುದು ಇನ್ನೂ ಕೆಳಗಿನಿಂದ, ಇನ್ನೂ ಬೇಗ. ಕಾಲು ಕಿತ್ತು ಎರಡು ಹೆಜ್ಜೆ ಮುಂದೆ ಹೋದಿರಾ? ಹಾಗಾದರೆ ಚಿಕ್ಕ ತಳಿ ನೋಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮನೆ ಕಾವಲಿಗೆ ಮಾತ್ರ ಬೇಕು, ಅಂಗಳದಲ್ಲಿ ಕಟ್ಟಿಹಾಕುತ್ತೇವೆ ಅನ್ನುವವರಿಗೆ ನಾನು ನೇರವಾಗಿ ಹೇಳುತ್ತೇನೆ: ತರಬೇಡಿ. ಚೈನಿನಲ್ಲಿರುವ ನಾಯಿಗೆ ಹೆದರಿಕೆಯಾದಾಗ ದೂರ ಹೋಗಲು ಆಗುವುದಿಲ್ಲ. ಉಳಿಯುವುದು ಒಂದೇ ದಾರಿ, ಮೇಲೆ ಬೀಳುವುದು.

ಮರಿ ಆರಿಸುವಾಗ

ತಾಯಿ ನಾಯಿಯನ್ನು ನೋಡದೆ ಮರಿ ತರಬೇಡಿ. ಹೊಸಬರನ್ನು ಕಂಡು ಅದು ಮೂಲೆ ಸೇರುತ್ತದಾ, ಹಲ್ಲು ಕಿರಿಯುತ್ತದಾ, ಇಲ್ಲ ಮೂಸಿ ನೋಡಿ ಸುಮ್ಮನಾಗುತ್ತದಾ ಗಮನಿಸಿ. ತಾಯಿಯನ್ನು ತೋರಿಸಲು ಒಪ್ಪದ ಬ್ರೀಡರ್, ಅಂದರೆ ಮರಿ ಮಾಡಿಸಿ ಮಾರುವವರ, ಹತ್ತಿರ ಮುಂದಿನ ಮಾತೇ ಬೇಡ. ಎಂಟು ವಾರಕ್ಕಿಂತ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು. ಕಚ್ಚುವಾಗ ಎಷ್ಟು ಬಲ ಹಾಕಬೇಕು ಅನ್ನುವುದನ್ನು ಅದು ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗಲೇ. ಕಿವಿ ಕತ್ತರಿಸಿದ ಮರಿ ಬೇಡ. ಅದು ಹಿಂಸೆ ಅನ್ನುವುದು ಒಂದು ಕಡೆ ಇರಲಿ, ಮುಂದೆ ಅದರ ಮನಸ್ಸು ತಿಳಿಯಲು ನಿಮಗೆ ಆ ಕಿವಿ ಬೇಕು.

ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನೆಲ್ಲ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಗಡ್ಡದವರು, ಕೊಡೆ ಹಿಡಿದವರು, ಕೋಲೂರಿ ನಡೆಯುವವರು, ಗಾಲಿಕುರ್ಚಿ, ಹೆಲ್ಮೆಟ್, ಅಳುವ ಮಗು, ಎಲ್ಲವನ್ನೂ ದೂರದಿಂದ ತೋರಿಸಿ. ಎಲ್ಲರೂ ಮುಟ್ಟಬೇಕಾಗಿಲ್ಲ. ನೋಡಿ ಹೆದರದೆ ಇರಬೇಕು, ಅಷ್ಟೇ. ಲಸಿಕೆ ಪೂರ್ತಿ ಆಗಿಲ್ಲದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕಾವಲು ತಳಿಗಳು ಮನಸ್ಸಿನಲ್ಲಿ ದೊಡ್ಡವಾಗುವುದು ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ. ಒಂಬತ್ತು ತಿಂಗಳಲ್ಲಿ ಎಲ್ಲರನ್ನೂ ನೆಕ್ಕುತ್ತಿದ್ದ ನಾಯಿ ಎರಡನೇ ವರ್ಷದಲ್ಲಿ ಬಾಗಿಲಲ್ಲಿ ನಿಂತು ಗುರ್ ಅನ್ನಬಹುದು. ತರಬೇತಿ ನಿಲ್ಲಿಸುವ ಸಮಯ ಅದಲ್ಲ. ಮೊದಲ ಸಲ ಸಾಕುವವರಿಗೆ ನಾನು ಮರಿಗಿಂತ ಮೂರು ವರ್ಷ ದಾಟಿದ, ಸ್ವಭಾವ ಗೊತ್ತಿರುವ ನಾಯಿಯನ್ನು ದತ್ತು ತೆಗೆದುಕೊಳ್ಳಿ ಅನ್ನುತ್ತೇನೆ.

ಮಝಲ್ ಕಲಿಸುವ ರೀತಿ

ಮಝಲ್, ಅಂದರೆ ಬಾಯಿಕುಕ್ಕೆ, ಹಾಕಿದ ನಾಯಿ ಕೆಟ್ಟದ್ದು ಅಂತ ಜನ ತಿಳಿಯುತ್ತಾರೆ. ನನ್ನ ಪ್ರಕಾರ ಪ್ರತಿ ದೊಡ್ಡ ನಾಯಿಯೂ ಇದನ್ನು ಕಲಿತಿರಬೇಕು. ಕಾಲು ಮುರಿದುಕೊಂಡು ನೋವಿನಲ್ಲಿದ್ದಾಗ ಎಂಥ ಸಾಧು ನಾಯಿಯೂ ವೈದ್ಯರ ಕೈಗೆ ಬಾಯಿ ಹಾಕಬಹುದು. ಆ ದಿನ ಹೊಸದಾಗಿ ಮಝಲ್ ತುರುಕಿದರೆ ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ.

ಬುಟ್ಟಿಯ ಥರದ್ದೇ ತೆಗೆದುಕೊಳ್ಳಿ. ಬಟ್ಟೆಯದು ಬಾಯಿಯನ್ನು ಬಿಗಿಯುತ್ತದೆ, ನಾಯಿ ತೇಕಲು ಆಗುವುದಿಲ್ಲ. ತೇಕುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ದಾರಿ. ಅಂಥದ್ದನ್ನು ಹಾಕಿ ಬಿಸಿಲಲ್ಲಿ ನಡೆಸಿದರೆ ಜೀವಕ್ಕೇ ಅಪಾಯ. ಬುಟ್ಟಿಯೊಳಗೆ ನಾಯಿ ಪೂರ್ತಿ ಬಾಯಿ ತೆರೆಯುವಂತಿರಬೇಕು, ನೀರು ಕುಡಿಯುವಂತಿರಬೇಕು, ಮೂಗಿನ ತುದಿ ಮುಂದಿನ ಕಡ್ಡಿಗೆ ತಾಗಬಾರದು. ಅಂಚು ಕಣ್ಣಿನ ಕೆಳಗೆ ಉಜ್ಜುತ್ತದಾ ಅಂತಲೂ ನೋಡಿ.

ಮೊದಲು ಬುಟ್ಟಿಯನ್ನು ಕೈಯಲ್ಲಿ ಬಟ್ಟಲಿನ ಹಾಗೆ ಹಿಡಿದು, ಒಳಗೆ ಬೇಯಿಸಿದ ಕೋಳಿ ತುಂಡು ಹಾಕಿ ಸುಮ್ನೆ ಕೂತುಕೊಳ್ಳಿ. ಬುಟ್ಟಿ ನಾಯಿಯ ಹತ್ತಿರ ಹೋಗಬಾರದು, ನಾಯಿ ಬುಟ್ಟಿಯ ಹತ್ತಿರ ಬರಬೇಕು. ಮೂತಿ ಹಾಕಿ, ತಿಂದು, ತೆಗೆಯಲಿ. ತಡೆಯಬೇಡಿ. ಇದು ಸಲೀಸಾದ ಮೇಲೆ ಕಡ್ಡಿಗಳ ನಡುವಿನಿಂದ ಒಂದೊಂದೇ ಚಿಕ್ಕ ತುಂಡು ಕೊಡುತ್ತಾ ಹೋಗಿ, ಮೂತಿ ಒಳಗೇ ಇರುವ ಹೊತ್ತು ತಾನಾಗಿ ಜಾಸ್ತಿಯಾಗುತ್ತದೆ. ಆಮೇಲೆ ಪಟ್ಟಿಯನ್ನು ಕಿವಿಯ ಹಿಂದೆ ಮುಟ್ಟಿಸಿ ತೆಗೆಯಿರಿ, ಬಕಲ್‌ನ ಟಕ್ ಅನ್ನುವ ಶಬ್ದವನ್ನು ದೂರದಲ್ಲೇ ಕೇಳಿಸಿ ತುಂಡು ಕೊಡಿ. ಗುಂಡನಿಗೆ ತೊಂದರೆಯಾದದ್ದು ಬುಟ್ಟಿಯಿಂದಲ್ಲ, ಆ ಶಬ್ದದಿಂದ. ಪಟ್ಟಿ ಹಾಕುವ ಹಂತಕ್ಕೆ ಬಂದಾಗ ಕ್ಷಣ ಮಾತ್ರ ಹಾಕಿ ಬಿಚ್ಚಿ. ಕಾಲಿನಿಂದ ಕೆರೆದುಕೊಂಡರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಒಂದು ಹಂತ ಹಿಂದೆ ಹೋಗಿ. ಹಾಕಿದಾಗಲೆಲ್ಲ ಆಸ್ಪತ್ರೆಗೇ ಕರೆದುಕೊಂಡು ಹೋಗಬೇಡಿ. ವಾಕಿಂಗ್‌ಗೂ ಹಾಕಿ. ಈಗ ನಾನು ಬುಟ್ಟಿ ತೆಗೆದು ಹಿಡಿದರೆ ಸಾಕು, ಗುಂಡ ಓಡಿ ಬಂದು ಮೂತಿ ತೂರಿಸಿ ನಿಲ್ಲುತ್ತಾನೆ.

ಕಚ್ಚುವ ಮೊದಲು ಅದು ಹೇಳುತ್ತದೆ

‘ಇದ್ದಕ್ಕಿದ್ದಂತೆ ಕಚ್ಚಿಬಿಡ್ತು’ ಅನ್ನುವುದು ನಾನು ಅತಿ ಜಾಸ್ತಿ ಕೇಳುವ ಮಾತು. ಬಹುತೇಕ ಸಲ ನಾಯಿ ಮೊದಲೇ ಹೇಳಿರುತ್ತದೆ, ಕೇಳಿಸಿಕೊಂಡವರು ಇರುವುದಿಲ್ಲ.

ಒಂದು ಮನೆಯಲ್ಲಿ ಕೇನ್ ಕೋರ್ಸೋ ಅನ್ನುವ ದೊಡ್ಡ ಕಾವಲು ತಳಿಯ ಗಂಡುನಾಯಿ ಇತ್ತು. ನಾನು ಹೋದಾಗ ಪುಟ್ಟ ಹುಡುಗಿಯೊಬ್ಬಳು ಅದರ ಕುತ್ತಿಗೆಗೆ ಜೋತುಬಿದ್ದು ಕೆನ್ನೆಗೆ ಕೆನ್ನೆ ಒತ್ತಿದ್ದಳು. ‘ನೋಡಿ, ಎಷ್ಟು ಪ್ರೀತಿ’ ಅಂತ ಮನೆಯವರು ಫೋಟೋ ತೆಗೆಯುತ್ತಿದ್ದರು. ನಾಯಿಯ ಬಾಯಿ ಮುಚ್ಚಿತ್ತು. ಮುಖ ಆ ಕಡೆ ತಿರುಗಿತ್ತು, ಆದರೆ ಕಣ್ಣು ಮಾತ್ರ ಮಗುವಿನ ಮೇಲೆ, ಅಂಚಿನಲ್ಲಿ ಬಿಳಿ ಭಾಗ ಕಾಣುತ್ತಿತ್ತು. ಒಮ್ಮೆ ಮೂಗು ನೆಕ್ಕಿಕೊಂಡಿತು. ಆಮೇಲೆ ಉಸಿರು ಬಿಗಿಹಿಡಿದು ಮೈ ಸೆಟೆಸಿಕೊಂಡಿತು. ನಾನು ಮಗುವನ್ನು ಎಳೆಯಲಿಲ್ಲ, ಕೂಗಲೂ ಇಲ್ಲ. ದೂರ ನಿಂತು ನಾಯಿಯನ್ನೇ ಹೆಸರು ಹಿಡಿದು ಮೆಲ್ಲಗೆ ಕರೆದೆ. ಅದು ಎದ್ದು ಬಂತು, ಕರೆದವರು ಯಾರು ಅನ್ನುವುದನ್ನೂ ನೋಡದೆ ಮೈಯನ್ನು ಒಮ್ಮೆ ಜೋರಾಗಿ ಒದರಿಕೊಂಡಿತು. ಬಿಡುಗಡೆಯಾಯಿತು ಅನ್ನುವುದನ್ನು ನಾಯಿ ತೋರಿಸುವುದೇ ಹಾಗೆ.

ನಿದ್ದೆ ಇಲ್ಲದ ಆಕಳಿಕೆ, ಮುಖ ತಿರುಗಿಸುವುದು, ಎದ್ದು ಹೋಗುವುದು, ಬಾಲ ಮುದುರುವುದು, ಕಿವಿ ಹಿಂದಕ್ಕೆ ಒತ್ತುವುದು, ಕಣ್ಣು ಮಿಟುಕಿಸದೆ ದಿಟ್ಟಿಸುವುದು, ಆಮೇಲೆ ಗುರ್. ಬಾಲ ಆಡಿಸಿದ ಮಾತ್ರಕ್ಕೆ ಖುಷಿ ಅಂತಲ್ಲ. ಮೇಲಕ್ಕೆ ನಿಂತು ಸಣ್ಣಗೆ ಬೇಗ ಬೇಗ ಆಡುವ ಬಾಲ ಎಚ್ಚರಿಕೆ. ಗುರ್ ಅಂದಾಗ ದಯವಿಟ್ಟು ಹೊಡೆಯಬೇಡಿ. ಹೊಡೆದರೆ ಸಿಟ್ಟು ಹೋಗುವುದಿಲ್ಲ, ಗುರ್ ಅನ್ನುವುದು ಮಾತ್ರ ಹೋಗುತ್ತದೆ. ಮುಂದಿನ ಸಲ ನಿಮಗೆ ಎಚ್ಚರಿಕೆಯೇ ಸಿಗುವುದಿಲ್ಲ. ಕರೆಂಟ್ ಹೊಡೆಯುವ ಕಾಲರ್, ಮುಳ್ಳಿನ ಕಾಲರ್ ಇವೂ ಇದೇ ಕೆಲಸ ಮಾಡುತ್ತವೆ. ಪ್ರಾಣಿಗಳ ನಡವಳಿಕೆ ನೋಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಇಂಥವನ್ನು ಬಿಟ್ಟು, ಬಹುಮಾನ ಕೊಟ್ಟು ಕಲಿಸುವ ರೀತಿಯನ್ನೇ ಬಳಸಿ ಅಂತ ಹೇಳಿದೆ. ನಾನು ಕಂಡದ್ದೂ ಅದೇ.

ಚಿಕ್ಕ ಮಕ್ಕಳನ್ನು ಯಾವ ನಾಯಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ. ಫೋನ್ ನೋಡುತ್ತಾ ಅದೇ ಕೋಣೆಯಲ್ಲಿ ಕೂತಿದ್ದರೆ ಅದು ಕಾಯುವುದಲ್ಲ. ನೀವು ಕಣ್ಣಿಟ್ಟು ನೋಡಲು ಆಗದ ಹೊತ್ತಿನಲ್ಲಿ ಮಧ್ಯೆ ಒಂದು ಅಡ್ಡಬಾಗಿಲು ಇರಲಿ. ಮನೆಯ ಗೇಟಿಗೂ ಅಷ್ಟೇ, ಒಂದರ ಹಿಂದೆ ಇನ್ನೊಂದು ಇದ್ದರೆ ಒಂದು ಮರೆತರೂ ನಾಯಿ ಬೀದಿಗೆ ಹೋಗುವುದಿಲ್ಲ.

ಹೊರಗೆ ಹೋದಾಗ ಎದುರು ಬಂದವರು ಹೆದರಿದರೆ ‘ಏನೂ ಮಾಡಲ್ಲ ಬನ್ನಿ’ ಅನ್ನಬೇಡಿ. ಅವರಿಗೆ ನಿಮ್ಮ ನಾಯಿ ಗೊತ್ತಿಲ್ಲ. ಹೆದರುವ ಹಕ್ಕು ಅವರಿಗಿದೆ. ಲೀಶ್ ಗಿಡ್ಡ ಮಾಡಿ, ನಾಯಿಗೂ ಅವರಿಗೂ ನಡುವೆ ನೀವು ಬಂದು, ದಾರಿ ಬಿಡಿ.

ಕಚ್ಚಿದರೆ

ನಾಯಿ ಹಿಡಿದಿದ್ದರೆ ಎಳೆಯಬೇಡಿ, ಹೊಡೆಯಬೇಡಿ. ಎಳೆದರೆ ಗಾಯ ಸೀಳುತ್ತದೆ. ಕಾಲರನ್ನು ಗಟ್ಟಿಯಾಗಿ ಹಿಡಿದು ಅದು ತಲೆ ಒದರದಂತೆ ತಡೆಯುವುದೇ ಮೊದಲ ಕೆಲಸ. ಬಿಟ್ಟ ತಕ್ಷಣ ನಾಯಿಯನ್ನು ಬೇರೆ ಕೋಣೆಗೆ ಹಾಕಿ ಬಾಗಿಲು ಹಾಕಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ರಕ್ತ ಜೋರಾಗಿ ಹರಿಯುತ್ತಿದ್ದರೆ ಒತ್ತಿ ಹಿಡಿದು ಮೊದಲು ಆಸ್ಪತ್ರೆಗೆ ಓಡಿ. ನಾಯಿಗೆ ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರನ್ನು ನೋಡಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಗಾಯಗೊಂಡವರ ಖರ್ಚು ನಿಮ್ಮದು. ಅದರಲ್ಲಿ ವಾದ ಬೇಡ.

ಆಮೇಲೆ ಪಶುವೈದ್ಯರ ಹತ್ತಿರ ಹೋಗಿ ಪೂರ್ತಿ ತಪಾಸಣೆ ಮಾಡಿಸಿ. ಕೀಲುನೋವು, ಕಿವಿಯ ಸೋಂಕು, ಥೈರಾಯ್ಡ್ ತೊಂದರೆ ಇದ್ದರೂ ನಾಯಿಯ ಸ್ವಭಾವ ಬದಲಾಗಬಹುದು. ಅದಾದ ಮೇಲೆ ತರಬೇತಿಯವರನ್ನು ಕರೆಸಿ. ಎಷ್ಟೇ ಕಷ್ಟಪಟ್ಟರೂ ಈ ಮನೆಯಲ್ಲಿ ಇದನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಲು ಆಗುವುದಿಲ್ಲ ಅಂತ ಗೊತ್ತಾದರೆ, ಬೀದಿಗೆ ಬಿಡಬೇಡಿ, ಕಚ್ಚಿದ್ದನ್ನು ಮುಚ್ಚಿಟ್ಟು ಬೇರೆಯವರಿಗೆ ದಾಟಿಸಬೇಡಿ. ಮರಿ ಕೊಟ್ಟ ಬ್ರೀಡರ್‌ಗೆ ಹೇಳಿ, ಇಂಥ ನಾಯಿಗಳನ್ನು ನೋಡಿಕೊಂಡು ಅನುಭವ ಇರುವ ಆಶ್ರಯಧಾಮಕ್ಕೆ ಹೇಳಿ. ಯಾರನ್ನು, ಯಾವಾಗ, ಎಲ್ಲಿ ಕಚ್ಚಿತು, ಚರ್ಮ ಎಷ್ಟು ಹರಿಯಿತು, ಅದಕ್ಕೆ ಮುಂಚೆ ಏನಾಗಿತ್ತು ಅನ್ನುವುದನ್ನೆಲ್ಲ ಬರೆದು ನಾಯಿಯ ಜೊತೆಗೇ ಕೊಡಿ.